ಅಂಟುವಾಳದ ನೊರೆಯೂ ನಮ್ಮ ವಿಜ್ಞಾನ ಪಾಠವೂ

ಬೋರ್ಡಿನ ಮೇಲೆ 'ಸಾಪೋನಿನ್' ಎಂದು ಬರೆದರೆ ತರಗತಿ ಸುಮ್ಮನಾಗುತ್ತದೆ. ಅಂಟುವಾಳ, ಸೀಗೆಕಾಯಿ ಎಂದರೆ ಹಿಂದಿನ ಬೆಂಚಿನವನೂ ಬಾಯಿ ಬಿಡುತ್ತಾನೆ. ಗಡಿಯಾಚೆ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ನಮಗೆಲ್ಲ ಇದು ಗೊತ್ತು. 'ಕನ್ನಡದಲ್ಲಿ ವಿಜ್ಞಾನ ಓದಿ ಮುಂದೇನು ಮಾಡ್ತಾನೆ ಸಾರ್?' ಎಂದು ಟಿ.ಸಿ. ಕೇಳಲು ಬರುವ ಪೋಷಕರಿಗೂ ಈ ಕಾಯಿಯನ್ನೇ ತೋರಿಸಿ ಮಾತಾಡಬಹುದು ಎಂಬುದು ನಮ್ಮ ಅನಿಸಿಕೆ.

ಸಾಪೋನಿನ್ ಅಣುವಿನಲ್ಲಿ ಎರಡು ಭಾಗ. ಸಕ್ಕರೆಯ ಭಾಗ ನೀರಿನ ಕಡೆ, ಇನ್ನೊಂದು ಜಿಡ್ಡಿನ ಕಡೆ. ನೀರಿನ ಮೇಲ್ಮೈಯಲ್ಲಿ ಇವು ಸಾಲುಗಟ್ಟಿ ನಿಂತಾಗ ಮೇಲ್ಮೈ ಸೆಳೆತ ತಗ್ಗುತ್ತದೆ, ಗುಳ್ಳೆಯ ಸುತ್ತ ಪೊರೆ ಕಟ್ಟುತ್ತದೆ, ನೊರೆ ಬೇಗ ಒಡೆಯುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಬಿಳಿ ಗಷ್ಟಾಗುತ್ತದೆ. ಅಂಟುವಾಳ ಹಾಗೆ ಕೈಕೊಡುವುದು ಕಡಿಮೆ. ಅಜ್ಜಿಯರು ರೇಷ್ಮೆ ಸೀರೆಗೆ, ಬೆಳ್ಳಿ ಒಡವೆಗೆ ಇದನ್ನೇ ಹುಡುಕುತ್ತಿದ್ದುದು ಸುಮ್ಮನೆ ಅಲ್ಲ.

ಹೊರದೇಶದವರು ಏನು ಮಾಡಿದ್ದಾರೆ ನೋಡಿ. ಚಿಲಿ ದೇಶದ ಕ್ವಿಲ್ಲಾಜ ಮರದ ತೊಗಟೆಯ ಸಾಪೋನಿನ್ ತಂಪು ಪಾನೀಯಕ್ಕೆ ನೊರೆ ಕೊಡುತ್ತದೆ. ಅದರ ಸಂಕೇತ ಇ-999. ಅದೇ ತೊಗಟೆಯ ಸಾರ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್-21 ಮಲೇರಿಯಾ ಲಸಿಕೆಯಲ್ಲೂ ಇದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಆರಿಸಿ ತರುವ ಸೀಗೆ, ಅಂಟುವಾಳಕ್ಕೆ ಇಂಥ ದೊಡ್ಡ ಹೆಸರಿಲ್ಲ.

ಇದಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. 1941ರಲ್ಲಿ ಬಂದ ರಾಸ್–ಮೈಲ್ಸ್ ವಿಧಾನದಲ್ಲಿ 200 ಮಿ.ಲೀ. ದ್ರಾವಣವನ್ನು 90 ಸೆಂ.ಮೀ. ಎತ್ತರದಿಂದ ಬೀಳಿಸಿ, ನೊರೆಯ ಎತ್ತರವನ್ನು ಆಗಲೇ ಒಮ್ಮೆ, 5 ನಿಮಿಷದ ಮೇಲೆ ಇನ್ನೊಮ್ಮೆ ಅಳೆಯುತ್ತಾರೆ. ಇದರ ಬಡ ತಮ್ಮನನ್ನು ಶಾಲೆಯಲ್ಲೇ ಮಾಡಬಹುದು. ಬೀಜ ತೆಗೆದ ನಾಲ್ಕೈದು ಕಾಯಿಯ ಸಿಪ್ಪೆಯನ್ನು ರಾತ್ರಿ ನೆನೆಹಾಕಿ ಸೋಸಿ. ಅದನ್ನು ಎರಡು ಬಾಟಲಿಗೆ ಸಮನಾಗಿ ಹಾಕಿ, ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಬೋರ್ ನೀರು ಬೆರೆಸಿ ಕುಲುಕಿ, ಸ್ಕೇಲು ಹಿಡಿಯಿರಿ. ಸೋಪಿನ ನೀರಿಗೂ ಹೀಗೇ ಮಾಡಿ ಹೋಲಿಸಲಿ.

'ಗಿಡದ್ದು, ಅಪಾಯವಿಲ್ಲ' ಎಂದು ಮಾತ್ರ ಮಕ್ಕಳಿಗೆ ಹೇಳಬೇಡಿ. ಕಣ್ಣಿಗೆ ಬಿದ್ದರೆ ಉರಿ ಗ್ಯಾರಂಟಿ, ಕೆರೆಯ ಮೀನಿಗೆ ಇದು ವಿಷ. ನೊರೆ ಹೆಚ್ಚಾದರೆ ಬಟ್ಟೆ ಹೆಚ್ಚು ಶುಭ್ರ ಎಂಬುದೂ ಜಾಹೀರಾತು ಕಲಿಸಿದ ಪಾಠ! ಮುಂಬಾಗಿಲಿನ ವಾಷಿಂಗ್ ಮೆಷಿನ್ನಿನ ಪುಡಿಯನ್ನು ನೊರೆ ಕಡಿಮೆ ಬರುವಂತೆಯೇ ಮಾಡಿರುತ್ತಾರೆ.

ರಾಯದುರ್ಗದ ಕಡೆ ತೆಲುಗಿನವರಿಗೆ ಇದು ಕುಂಕುಡುಕಾಯಿ, ಸೊಲ್ಲಾಪುರದಲ್ಲಿ ರಿಠಾ, ತಮಿಳಿನಲ್ಲಿ ಪೂಂದಿಕೊಟ್ಟೈ. ಪಕ್ಕದ ಮನೆಯ ಹೆಸರನ್ನೂ ಮಕ್ಕಳು ಲ್ಯಾಬ್ ಪುಸ್ತಕದಲ್ಲಿ ಬರೆದುಕೊಳ್ಳಲಿ, ಅದರ ಪಕ್ಕದಲ್ಲೇ ಅಳತೆಯ ಸೆಂಟಿಮೀಟರೂ ಇರಲಿ.