ಬೇಲಿಯ ಮೇಲಿನ ಮಂಗರವಳ್ಳಿ



ಹನೂರು ಕಡೆಯಿಂದ ಬನಿಯನ್ ಕಾರ್ಖಾನೆಯ ಕೆಲಸಕ್ಕೆಂದು ಹೋಗಿ ತಿರುಪ್ಪೂರಿನಲ್ಲೇ ನೆಲೆಸಿರುವ ನಮ್ಮ ಒಂದು ಕುಟುಂಬವನ್ನು ಕಾಣಲು ಕಳೆದ ಬೇಸಿಗೆಯಲ್ಲಿ ಹೋಗಿದ್ದೆವು. ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಸತ್ಯಮಂಗಲದ ಮೇಲೆ ಹೋಗುವ ದಾರಿ. ಆ ಸೀಮೆ ನಮಗೆ ಹೊಸತೇನಲ್ಲ. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು.

ಒಂದೇ ಕೋಣೆಯ ಬಾಡಿಗೆ ಮನೆ. ಕುಡಿಯುವ ನೀರನ್ನೂ ದುಡ್ಡು ಕೊಟ್ಟು ತರಬೇಕು. ಆದರೂ ಬಾಗಿಲ ಬಳಿ ಹಳೆಯ ಪೇಂಟ್ ಡಬ್ಬದಲ್ಲಿ ಹಸಿರು ಮಂಗರವಳ್ಳಿ ಕಿಟಕಿಯ ಸರಳಿಗೆ ಹಬ್ಬಿತ್ತು. ‘ಚೆನ್ನಾಗಿ ಬೆಳೆಸಿದ್ದೀರಿ ಅಜ್ಜಿ’ ಎಂದೆವು. ಅಜ್ಜಿ ನಕ್ಕರು. ‘ಇದು ಎರಡನೇದು ಸ್ವಾಮಿ. ಮೊದಲನೇದಕ್ಕೆ ಮೊಮ್ಮಗ ದಿನಾ ನೀರು ಉಯ್ದು ಉಯ್ದು ಸಾಯಿಸ್ಬುಟ್ಟ!’

ಮಂಗರವಳ್ಳಿ ದ್ರಾಕ್ಷಿಯ ಕುಟುಂಬಕ್ಕೆ ಸೇರಿದ ಬಳ್ಳಿ. ತಮಿಳಿನಲ್ಲಿ ಇದು ಪಿರಂಡೈ. ನಾಲ್ಕು ಮೂಲೆಯ ದಪ್ಪ ಕಾಂಡ, ಅಲ್ಲಲ್ಲಿ ಗಂಟು. ನೀರನ್ನು ಕಾಂಡದಲ್ಲೇ ಕೂಡಿಟ್ಟುಕೊಳ್ಳುತ್ತದೆ. ಬರ ಬಂದರೆ ಎಲೆ ಉದುರಿಸಿ ಹಸಿರು ಕಾಂಡದಿಂದಲೇ ಆಹಾರ ತಯಾರಿಸುತ್ತದೆ. ಕಾಂಡದ ಮೇಲಿನ ಸೂಕ್ಷ್ಮ ರಂಧ್ರಗಳು ಹೆಚ್ಚಾಗಿ ರಾತ್ರಿಯ ತಂಪಿನಲ್ಲಿ ತೆರೆಯುವುದರಿಂದ ಹಗಲಿನ ಬಿಸಿಲಿಗೆ ನೀರು ಪೋಲಾಗುವುದು ಕಡಿಮೆ.

ಅಜ್ಜಿ ತುಂಡು ತಂದದ್ದು ಕಾಂಗೇಯಂ ಹತ್ತಿರದ ಬೇಲಿಯಿಂದ. ಪಶ್ಚಿಮ ಘಟ್ಟದ ಮಳೆಯ ಮರೆಗೆ ಬಿದ್ದ ಒಣನೆಲವದು. ಅಲ್ಲಿ ಮಳೆ ಹೆಚ್ಚಾಗಿ ಬರುವುದು ಹಿಂಗಾರಿನಲ್ಲಿ. ರೈತರು ‘ಕೊರಂಗಾಡು’ ಎಂಬ ಹುಲ್ಲುಗಾವಲುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಒಳಗೆ ಹುಲ್ಲು ಮತ್ತು ಬಿಳಿಜಾಲಿ ಮರ, ಸುತ್ತಲೂ ‘ಕಿಳುವೈ’ ಎಂಬ ಮುಳ್ಳುಗಿಡದ ಜೀವಂತ ಬೇಲಿ. ಹೆಸರಾಂತ ಕಾಂಗೇಯಂ ದನಗಳು ಮೇಯುವುದು ಇಲ್ಲಿಯೇ. ಮಂಗರವಳ್ಳಿಗೆ ಹಬ್ಬಲು ಇಂಥ ಬೇಲಿ ಬೇಕು. ಬೇಲಿ ಕಿತ್ತು ಕಲ್ಲುಕಂಬ, ತಂತಿ ಹಾಕಿದಲ್ಲಿ ಬಳ್ಳಿಯೂ ಹೋಗುತ್ತದೆ. ಪುಕ್ಕಟೆ ಸಿಗುತ್ತಿದ್ದುದನ್ನು ಆಮೇಲೆ ಸಂತೆಯಲ್ಲಿ ಕೊಳ್ಳಬೇಕು.

ಮನೆಯಲ್ಲಿ ಬೆಳೆಸುವುದು ಸುಲಭ. ಎರಡು ಮೂರು ಗಂಟುಗಳಿರುವ, ತೀರಾ ಎಳೆಯದಲ್ಲದ ತುಂಡನ್ನು ಕತ್ತರಿಸಿ. ಒಂದೆರಡು ದಿನ ನೆರಳಿನಲ್ಲಿಟ್ಟು, ಕೊಯ್ದ ಭಾಗ ಒಣಗಿದ ಮೇಲೆ ಒಂದು ಗಂಟು ಮಣ್ಣಿನೊಳಗೆ ಹೋಗುವಂತೆ ನೆಡಿ. ಕೆಮ್ಮಣ್ಣು, ಮರಳು ಮತ್ತು ಸ್ವಲ್ಪ ಕೊಟ್ಟಿಗೆ ಗೊಬ್ಬರ ಸಾಕು. ಡಬ್ಬದ ತಳಕ್ಕೆ ತೂತು ಇರಲೇಬೇಕು. ಬಿಸಿಲು ಬೀಳುವ ಜಾಗದಲ್ಲಿಟ್ಟು ಹಬ್ಬಲು ಕೋಲು ಕೊಡಿ. ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕಿ. ಮಳೆಗಾಲದಲ್ಲಿ ಸುಮ್ಮನೆ ಬಿಡಿ. ಬುಡ ಹಳದಿಯಾಗಿ ಮೆತ್ತಗಾದರೆ ಕೊಳೆಯುತ್ತಿದೆ ಎಂದರ್ಥ. ಆಗ ಮೇಲಿನ ಗಟ್ಟಿ ತುಂಡನ್ನು ಕೊಯ್ದು ಬೇರೆ ಮಣ್ಣಿಗೆ ನೆಡಿ.

ಚಟ್ನಿಗೆ ತುದಿಯ ಎಳೆ ಗಣ್ಣುಗಳೇ ಆಗಬೇಕು. ಇದರಲ್ಲಿರುವ ಸೂಜಿಯಂಥ ಸುಣ್ಣದ ಹರಳುಗಳು ಚರ್ಮವನ್ನು ತುರಿಸುತ್ತವೆ. ಕೈಗೆ ಎಣ್ಣೆ ಸವರಿಕೊಳ್ಳದೆ ಮುಟ್ಟಿದ ನಾವು ಒಮ್ಮೆ ಸಂಜೆಯವರೆಗೂ ಕೈ ಕೆರೆದುಕೊಂಡದ್ದುಂಟು! ಮೂಲೆಯ ನಾರು ತೆಗೆದು, ಎಳ್ಳೆಣ್ಣೆಯಲ್ಲಿ ಬಣ್ಣ ತಿರುಗುವವರೆಗೆ ಚೆನ್ನಾಗಿ ಹುರಿದು, ಉದ್ದಿನಬೇಳೆ, ಒಣಮೆಣಸಿನಕಾಯಿ, ಕಾಯಿತುರಿ, ಹುಣಿಸೆಹಣ್ಣು ಸೇರಿಸಿ ರುಬ್ಬಿ. ಹುಣಿಸೆಯನ್ನು ಮರೆಯಬೇಡಿ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಲಿ.

ಅಂದು ಚಟ್ನಿ ಬಡಿಸುವಾಗ ಅಜ್ಜಿಯ ಎಡಗೈ ಮಣಿಕಟ್ಟು ಸೊಟ್ಟಗಿರುವುದನ್ನು ಕಂಡೆವು. ಎರಡು ವರ್ಷದ ಹಿಂದೆ ಜಾರಿ ಬಿದ್ದಿದ್ದರಂತೆ. ಮಂಗರವಳ್ಳಿ ಮೂಳೆ ಕೂಡಿಸುತ್ತದೆಂಬ ನಂಬಿಕೆ ಹಳೆಯದು. ಸಂಸ್ಕೃತದಲ್ಲಿ ಇದಕ್ಕೆ ಅಸ್ಥಿಸಂಹಾರ ಎಂಬ ಹೆಸರೇ ಇದೆ. ಅಜ್ಜಿ ಅದನ್ನೇ ಅರೆದು ಕಟ್ಟಿಕೊಂಡು ಒಂದು ತಿಂಗಳು ಕಳೆದರು. ಮಗನ ಒಂದು ದಿನದ ಕೂಲಿ ಹೋದೀತೆಂದು ಆಸ್ಪತ್ರೆಯ ಮಾತನ್ನೇ ಎತ್ತಲಿಲ್ಲ. ಮೂಳೆ ಕೂಡಿತು, ಸರಿಯಾದ ಜಾಗದಲ್ಲಿ ಕೂಡಲಿಲ್ಲ. ಈಗ ಆ ಕೈಯಲ್ಲಿ ಬಿಂದಿಗೆ ಎತ್ತಲಾಗದು.

ಮೊಮ್ಮಗ ಗಿಡಕ್ಕೆ ಬೇಡದಷ್ಟು ನೀರು ಕೊಟ್ಟ. ಅಜ್ಜಿ ಅದರಿಂದ ಆಗದಷ್ಟನ್ನು ಕೇಳಿದರು. ಇಬ್ಬರದ್ದೂ ಪ್ರೀತಿಯೇ, ಇಬ್ಬರೂ ಅದರ ಮಿತಿ ಅರಿಯಲಿಲ್ಲ. ಗಿಡಕ್ಕೆ ಎಷ್ಟು ಬೇಕು, ಅದು ಎಷ್ಟು ಕೊಡಬಲ್ಲದು ಎಂದು ತಿಳಿಯುವುದೇ ಆರೈಕೆ. ನಮ್ಮ ಮನೆಯ ಹಿರಿಯರ ವಿಷಯದಲ್ಲೂ ಅಷ್ಟೇ. ಅವರು ‘ಏನೂ ಬೇಡ’ ಎಂದರೂ ಒಮ್ಮೆ ಕೈ ಹಿಡಿದು ನೋಡೋಣ. ಬಿದ್ದು ಊದಿಕೊಂಡಿದ್ದರೆ ಅಂದೇ ಎಕ್ಸ್‌ರೇ ತೆಗೆಸೋಣ. ಚಟ್ನಿ ಆಮೇಲೆ.

ಹೊರಡುವಾಗ ಅಜ್ಜಿ ಮೂರು ಗಂಟಿನ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಈಗ ಅದು ನಮ್ಮ ಹಿತ್ತಲ ಬೇಲಿ ಹತ್ತಿದೆ. ಬೇಕಾದವರು ಬನ್ನಿ, ತುಂಡು ಕೊಡುತ್ತೇವೆ.