ನಾಣ್ಯಕ್ಕೆ ಹುಣಸೆಹಣ್ಣು ಯಾಕೆ ಸ್ವಾಮಿ?

ದೀಪಾವಳಿ ಬಂತೆಂದರೆ ನಮ್ಮ ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಗೂ ಸ್ನಾನ. ಅಜ್ಜನ ಕಾಲದಿಂದ ತಳದಲ್ಲಿ ಕೂತಿದ್ದ ಬೆಳ್ಳಿ ರೂಪಾಯಿ, ತೂತಿನ ಕಾಸು, ಆನೆ ಕಾಸು ಹೊರಗೆ ಬರುತ್ತವೆ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಉಜ್ಜಿದ್ದೇ ಉಜ್ಜಿದ್ದು. ಮೇಲೆ ಅರಿಶಿನ, ಕುಂಕುಮ. ಥಳಥಳ ಹೊಳೆಯಿತು, ಲಕ್ಷ್ಮಿ ಬಂದಳು ಅಂತ ಸಂತೋಷ. ಬಂದದ್ದಲ್ಲ ಸ್ವಾಮಿ, ಹೋದದ್ದು!

ತಾಮ್ರದ ಮೇಲಿನ ಕಂದು ಬಣ್ಣ ಕೊಳೆಯಲ್ಲ, ಲೋಹಕ್ಕೆ ಹೊದಿಕೆ. ಹುಳಿ ಅದನ್ನು ತಿನ್ನುತ್ತದೆ, ಬೂದಿ ಅಕ್ಷರವನ್ನು ಸವೆಸುತ್ತದೆ. ಟಿಪ್ಪು ಕಾಲದಲ್ಲಿ ಪಕ್ಕದ ಚಿತ್ರದುರ್ಗದಲ್ಲೇ ಟಂಕಸಾಲೆ ಇತ್ತು. ಅಲ್ಲಿನ ಆನೆ ಕಾಸಿನ ಮೇಲೆ ದುರ್ಗಕ್ಕೆ ಟಿಪ್ಪು ಇಟ್ಟ ‘ಫರ್ರುಖ್‌ಯಾಬ್ ಹಿಸಾರ್’ ಎಂಬ ಹೆಸರು ಪಾರ್ಸಿ ಅಕ್ಷರದಲ್ಲಿದೆ. ಅದು ಅಳಿಸಿದರೆ ಉಳಿಯೋದು ತಾಮ್ರದ ಚೂರು. ಬೆಳ್ಳಿಯದೂ ಅದೇ ಕಥೆ. 1939ರವರೆಗಿನ ಬ್ರಿಟಿಷ್ ರೂಪಾಯಿ 11.66 ಗ್ರಾಂ ತೂಕ, ನೂರಕ್ಕೆ ಸುಮಾರು 92 ಭಾಗ ಬೆಳ್ಳಿ. ಸವೆದದ್ದಕ್ಕೆ ಅಕ್ಕಸಾಲಿಗ ತೂಕದ ಬೆಲೆ ಕೊಟ್ಟಾನು. ಸಂಗ್ರಹಕಾರರು ಇಸವಿ, ಅಚ್ಚು ನೋಡಿ ಬೆಲೆ ಕಟ್ಟುತ್ತಾರೆ. ಉಜ್ಜಿದ ನಾಣ್ಯವನ್ನು ಒಂದೇ ನೋಟಕ್ಕೆ ಗುರುತಿಸಿ ಪಕ್ಕಕ್ಕಿಡುತ್ತಾರೆ.

ಈ ಅಂಕಣದವನೂ ತಪ್ಪು ಮಾಡಿದವನೇ. ಹುಡುಗನಿದ್ದಾಗ ಅಜ್ಜಿಯ ಗಂಟಿನಲ್ಲಿದ್ದ ಆನೆ ಕಾಸನ್ನು ಉಜ್ಜಿ ಉಜ್ಜಿ ಆನೆಗೆ ಸೊಂಡಿಲೇ ಇಲ್ಲದಂತೆ ಮಾಡಿದ್ದೇನೆ. ಅದು ಇವತ್ತಿಗೂ ನನ್ನ ಮೇಜಿನ ಡ್ರಾದಲ್ಲಿದೆ. ಯಾವ ಊರಿನ ಟಂಕಸಾಲೆಯದೋ, ಹೇಳಲು ಗುರುತೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಹೆಚ್ಚು ಖರ್ಚೇನಿಲ್ಲ. ಕೈ ತೊಳೆದು ಒರೆಸಿಕೊಂಡು ನಾಣ್ಯದ ಅಂಚು ಹಿಡಿಯಿರಿ. ಬೆರಳಿನ ಬೆವರು ಮುಖಕ್ಕೆ ತಾಗಬಾರದು. ಯಾರಿಗೋ ತೋರಿಸಲೆಂದು ಹರಿಹರದ ಬಸ್ಸಿನಲ್ಲಿ ಜೇಬಿನ ಚಿಲ್ಲರೆ ಜೊತೆ ಕುಲುಕಿಸಿಕೊಂಡು ಹೋಗಬೇಡಿ. ಒಂದು ನಾಣ್ಯಕ್ಕೆ ಒಂದು ಕವರು. ಮೆತ್ತಗಿನ ಪಿವಿಸಿ ಚೀಲ ಬೇಡ; ವರ್ಷ ಕಳೆದಂತೆ ಅದು ಜಿಗುಟು ಬಿಟ್ಟು ತಾಮ್ರವನ್ನು ಹಸಿರು ಮಾಡುತ್ತದೆ. ರಬ್ಬರ್ ಬ್ಯಾಂಡೂ ಬೇಡ. ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ನಾಣ್ಯಕ್ಕೆಂದೇ ಸಿಗುವ ಪಾಲಿಯೆಸ್ಟರ್ ಕವರು ಕ್ಷೇಮ. ಹರಿಹರದ ಹೊಳೆದಂಡೆಯ ಮನೆಗಳಲ್ಲಿ ಮಳೆಗಾಲದಲ್ಲಿ ಗೋಡೆಯೇ ತೇವ. ಅಂಥವರು ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಎಸೆಯದೆ ನಾಣ್ಯದ ಡಬ್ಬಿಯಲ್ಲಿಡಿ. ಹಸಿರು ಪುಡಿ ಉದುರುವ ಕಾಸು ಕಂಡರೆ ಅದನ್ನು ಉಳಿದವುಗಳಿಂದ ಬೇರೆ ಇಡಿ.

ಪೂಜೆ ಬಿಡಿ ಅಂತ ನಾವು ಹೇಳುತ್ತಿಲ್ಲ. ಗಿರಾಕಿ ಕೊಟ್ಟರೆ ಈಸಿಕೊಳ್ಳಲು ತಕರಾರು ಮಾಡುತ್ತೀರಲ್ಲ, ಆ ಹತ್ತು ರೂಪಾಯಿ ನಾಣ್ಯಕ್ಕೆ ಕುಂಕುಮ ಹಚ್ಚಿ. ಹಳೆಯದನ್ನು ಕವರಿನಲ್ಲೇ ದೇವರ ಮುಂದಿಡಿ. ಅಜ್ಜ ಬಿಟ್ಟುಹೋದದ್ದು ಮೊಮ್ಮಗನ ಕೈಗೆ ಅಕ್ಷರ ಸಮೇತ ತಲುಪಲಿ.