ಓದಿಗೂ ಉಪದೇಶಕ್ಕೂ ನಡುವೆ

ಮುಂಜಾನೆ ಬಸದಿಯಲ್ಲಿ ಜಿನದರ್ಶನ ಮುಗಿಸಿ ಮನೆಗೆ ಮರಳಿದ ಶ್ರಾವಕನ ಕೈಗೆ ಮೊದಲು ಬರುವುದು ದಿನಪತ್ರಿಕೆ, ಇಲ್ಲವೇ ಮೊಬೈಲು. ಮೊದಲ ಪುಟದಲ್ಲಿ ಕಲಹ, ಒಳಪುಟದಲ್ಲಿ ಪರೀಕ್ಷೆಯ ಫಲಿತಾಂಶ, ಕೊನೆಯಲ್ಲಿ ಆಟದ ಸೋಲು-ಗೆಲುವು. ಒಂದು ಸುದ್ದಿ ಕ್ರೋಧವನ್ನು ಕೆರಳಿಸಿದರೆ ಮತ್ತೊಂದು ಮಾನವನ್ನು ಉಬ್ಬಿಸುತ್ತದೆ. ಬಸದಿಯಲ್ಲಿ ಪಡೆದ ಶಾಂತಿ ಕಾಫಿ ಮುಗಿಯುವ ಮೊದಲೇ ಕರಗಿರುತ್ತದೆ.

ಪತ್ರಿಕೆ ಓದುವುದು ದೋಷವಲ್ಲ. ಓದುವ ಕ್ರಮವನ್ನು ಮರೆಯುವುದು ದೋಷ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಿ ಅದರ 5 ಭೇದಗಳನ್ನು ಹೇಳುತ್ತದೆ. ವಾಚನೆ ಎಂದರೆ ಓದು, ಪೃಚ್ಛನೆ ಎಂದರೆ ಸಂಶಯ ನಿವಾರಣೆಗಾಗಿ ಪ್ರಶ್ನಿಸುವುದು, ಅನುಪ್ರೇಕ್ಷೆ ಎಂದರೆ ತಿಳಿದುದನ್ನು ಮನದಲ್ಲಿ ಮತ್ತೆ ಮತ್ತೆ ಚಿಂತಿಸುವುದು, ಆಮ್ನಾಯ ಎಂದರೆ ಶುದ್ಧವಾಗಿ ಪುನಃಪುನಃ ಪಠಿಸುವುದು, ಕೊನೆಯದು ಧರ್ಮೋಪದೇಶ. ಪರರಿಗೆ ಹೇಳುವ ಮಾತು ಸಾಲಿನ ತುದಿಯಲ್ಲಿದೆ ಎಂಬುದು ಗಮನಾರ್ಹ.

ಇಂದಿನ ಓದುಗ ಮೊದಲ ಮೆಟ್ಟಿಲಿನಿಂದ ನೇರವಾಗಿ ಐದನೆಯದಕ್ಕೆ ಜಿಗಿಯುತ್ತಾನೆ. ತಲೆಬರಹ ಕಂಡೊಡನೆ ಅದನ್ನು ಹತ್ತು ಮಂದಿಗೆ ಕಳುಹಿಸುತ್ತಾನೆ. ಸುಳ್ಳನ್ನು ಉಪದೇಶಿಸುವ ಮಿಥ್ಯೋಪದೇಶವನ್ನೂ ಪರರ ಗುಟ್ಟನ್ನು ಬಯಲುಮಾಡುವ ರಹೋಭ್ಯಾಖ್ಯಾನವನ್ನೂ ಅದೇ ಗ್ರಂಥ ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಬೆರಳ ತುದಿಯಿಂದ ಮಾಡಿದರೂ ಅತಿಚಾರ ಅತಿಚಾರವೇ.

ಕಲಿಕೆಯಲ್ಲೂ ಇದೇ ಕೊರತೆ. ಅಂಕಪಟ್ಟಿ ಓದನ್ನೂ ಕಂಠಪಾಠವನ್ನೂ ಅಳೆಯಬಲ್ಲದು. ತರಗತಿಯಲ್ಲಿ ಎದ್ದುನಿಂತು ಪ್ರಶ್ನಿಸಿದ ಮಗುವಿನ ಪೃಚ್ಛನೆಗೆ ಅಲ್ಲಿ ಅಂಕವಿಲ್ಲ. ಮನೆಯ ಹಿರಿಯರಾದರೂ 'ಎಷ್ಟು ಬಂತು?' ಎಂಬುದರ ಜೊತೆಗೆ 'ಏನು ಕೇಳಿದೆ?' ಎಂದು ವಿಚಾರಿಸಬೇಕು.

ಆಟದ ಸುದ್ದಿಯೂ ಅನುಪ್ರೇಕ್ಷೆಗೆ ವಸ್ತುವಾಗಬಲ್ಲದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ದೂರ ಜಾವೆಲಿನ್ ಎಸೆದು ಚಿನ್ನ ಗೆದ್ದರು. ಭಾರತದ ನೀರಜ್ ಚೋಪ್ರಾ 89.45 ಮೀಟರ್ ಎಸೆದು ಬೆಳ್ಳಿ ಪಡೆದರು. ಚಿನ್ನ ಗೆದ್ದವನೂ ತಮ್ಮ ಮಗನೇ ಎಂಬರ್ಥದ ಮಾತನ್ನು ನೀರಜ್ ಅವರ ತಾಯಿ ಆಡಿದರು. ತಮ್ಮ ದೇಶದ ಗೆಲುವಿಗೆ ಹಿಗ್ಗುವುದು ಸಹಜ. ಆದರೆ ಪರರ ಗುಣವನ್ನು ಕಂಡು ಹರ್ಷಿಸುವ ಪ್ರಮೋದಭಾವ ಆ ತಾಯಿಯ ಮಾತಿನಲ್ಲಿ ತಾನಾಗಿ ಮೂಡಿತು. ಆ ದಿನ ಅಂತರಗಳ ಅಂಕಿಯನ್ನು ಮಾತ್ರ ಓದಿದವರು ವಾಚನೆಯಲ್ಲೇ ನಿಂತರು.

ಸ್ಪರ್ಧೆಯ ನಡುವೆಯೇ ಚಿಂತನೆಗೆ ತೊಡಗಿದ ಮಹಾಪುರುಷ ಬಾಹುಬಲಿ. ಸೇನೆಗಳ ರಕ್ತ ಹರಿಯದಿರಲೆಂದು ಭರತ-ಬಾಹುಬಲಿಯರ ನಡುವೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆದವು. ಮೂರರಲ್ಲೂ ಗೆದ್ದ ಬಾಹುಬಲಿಗೆ ರಾಜ್ಯವನ್ನು ಪಡೆಯಲು ಅಡ್ಡಿಯಿರಲಿಲ್ಲ. ಆದರೆ ಅಣ್ಣನು ಕೋಪದಿಂದ ಬಿಟ್ಟ ಚಕ್ರರತ್ನ ತನ್ನನ್ನು ಬಲಗೊಂಡು ನಿಂತಾಗ ಅವನು ರಾಜ್ಯಮೋಹದ ಫಲವನ್ನು ಕಂಡ, ಎಲ್ಲವನ್ನೂ ತೊರೆದ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಇಂದಿಗೂ ಪೂಜೆಗೊಳ್ಳುತ್ತಿರುವುದು ಪಂದ್ಯ ಗೆದ್ದ ಮಲ್ಲನಲ್ಲ, ಗೆದ್ದುದನ್ನು ಬಿಟ್ಟ ತಪಸ್ವಿ.

ಗೃಹಸ್ಥನಿಗೆ ಅಷ್ಟು ದೊಡ್ಡ ತ್ಯಾಗ ಒಡನೆಯೇ ಸಾಧ್ಯವಾಗದು. ಆದರೆ ಒಂದು ಸುದ್ದಿಯನ್ನು ಮುಂದಕ್ಕೆ ಕಳುಹಿಸುವ ಮುನ್ನ ಒಂಬತ್ತು ಸಲ ಪಂಚನಮಸ್ಕಾರ ಮಂತ್ರ ಜಪಿಸುವಷ್ಟು ಹೊತ್ತು ತಡೆಯುವುದು ಸಾಧ್ಯ. ಅಷ್ಟರಲ್ಲಿ 'ಇದು ನಿಜವೇ? ಇದರಿಂದ ಯಾರಿಗಾದರೂ ನೋವಾದೀತೇ?' ಎಂಬ ಪ್ರಶ್ನೆಗಳು ಏಳುತ್ತವೆ. ಸ್ವಾಧ್ಯಾಯ ಅಲ್ಲಿಂದಲೇ ಆರಂಭವಾಗುತ್ತದೆ.